ಸಿಂಬೆ ಎಸೆದು ಪಡೆದ ಪದವಿ

ನನಗೊಂದು ಚಟವಿದೆ. ರಬ್ಬರಿನ ದುಂಡನೆಯ ವಸ್ತು ಯಾವುದೇ ಕೈಗೆ ಸಿಗಲಿ, ಅದನ್ನೊಮ್ಮೆ ಮೇಲಕ್ಕೆ ಚಿಮ್ಮಿ, ಬೀಳುವಾಗ ಒಂದೇ ಕೈಯಲ್ಲಿ ಹಿಡಿಯದೆ ಕೆಳಗಿಡಲಾರೆ. ಬೇರೆಯವರಿಗಾಗಿದ್ದರೆ ಇದರಿಂದ ಅಂಥ ತೊಂದರೆಯೇನೂ ಇರುತ್ತಿರಲಿಲ್ಲ. ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಒಂದು ಬಿಟ್ಟರೆ ಅಂಥದ್ದು ಇನ್ನೇನಿರುತ್ತದೆ ಹೇಳಿ? ಆದರೆ ನಾನು ಕೆಲಸ ಮಾಡುವುದು ಪೀಣ್ಯದಲ್ಲಿ, ವಾಲ್ವ್ ತಯಾರಿಸುವ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ನನ್ನ ಮೇಜಿನ ಮೇಲೆ ಬಂದು ಬೀಳುವುದು ಬರೀ ಅವೇ. ಸೀಲು, ಗ್ಯಾಸ್ಕೆಟ್ಟು, ವಾಷರು. ಬೆರಳಿಗೆ ಹಾಕಿಕೊಳ್ಳುವಷ್ಟು ಚಿಕ್ಕದರಿಂದ ಹಿಡಿದು ಎಮ್ಮೆಯ ಕೊರಳಿಗೆ ಹಾಕುವಷ್ಟು ದೊಡ್ಡದರವರೆಗೆ.

ಕಳೆದ ವಾರ ಆಡಿಟಿಗೆ ಬಂದಿದ್ದ ಸಾಹೇಬರ ಕಣ್ಣಿಗೇ ಬಿದ್ದುಬಿಟ್ಟೆ. ಹೊಸದಾಗಿ ಬಂದ ಡಬ್ಬಿಯಿಂದ ಅಂಗೈಯಗಲದ ಒಂದು ಗ್ಯಾಸ್ಕೆಟ್ ತೆಗೆದು, ಮಣಿಕಟ್ಟು ತಿರುವಿ ಚಿಮ್ಮಿ, ಕಪಾಟಿನ ಎತ್ತರಕ್ಕೆ ಹೋಗಿ ಬಂದದ್ದನ್ನು ಟಪ್ಪನೆ ಹಿಡಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಸಾಹೇಬರು. ಇದೇನು ಮೇಡಂ, ಟೆಸ್ಟಿಂಗಾ ಎಂದು ಕೇಳಿದರು. ಹೌದು ಸಾರ್, ಬಾಗುತ್ತೋ ಇಲ್ಲವೋ ನೋಡುತ್ತಿದ್ದೆ ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಅದನ್ನೂ ಬರೆದುಕೊಂಡು ಹೋದರು. ಮುಂದಿನ ವರ್ಷ ಪೀಣ್ಯದ ಸ್ಟೋರ್ಸ್‌ನವರೆಲ್ಲ ಗ್ಯಾಸ್ಕೆಟ್ ಎಸೆದು ಹಿಡಿಯಬೇಕೆಂದು ಆದೇಶವೇನಾದರೂ ಬಂದರೆ ಅದರ ಪಾಪ ನನಗೇ.

ಈ ಚಟ ನನಗೆ ಅಂಟಿದ್ದು ಬಿ.ಕಾಂ. ಓದುವಾಗ. ಬಿ.ಕಾಂ.ಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ನಮ್ಮ ಅತ್ತೆಯೂ ಅದನ್ನೇ ಕೇಳಿದ್ದರು.

ನಾನು ಮೊದಲ ಸಲ ಬಿ.ಕಾಂ.ಗೆ ಸೇರಿದ್ದು ಎಲ್ಲರೂ ಸೇರುವ ವಯಸ್ಸಿನಲ್ಲೇ, ನೆಲಮಂಗಲದಲ್ಲಿ. ಎರಡನೇ ವರ್ಷದಲ್ಲಿ ಮದುವೆಯಾಯಿತು. ಮದುವೆ ಮುಗಿಸಿಕೊಂಡು ಪರೀಕ್ಷೆ ಬರೆಯುತ್ತಾಳೆ ಎಂದು ಎರಡೂ ಕಡೆಯವರು ಮಾತಾಡಿಕೊಂಡಿದ್ದರು. ಅಂಥ ಮಾತುಗಳ ಗತಿ ನಿಮಗೆ ಗೊತ್ತೇ ಇದೆ. ಆಮೇಲೆ ಮಗಳು ಹುಟ್ಟಿದಳು, ಕಾರ್ಖಾನೆಯ ಕೆಲಸ ಸಿಕ್ಕಿತು, ಕಾಲ ಓಡಿತು. ಕಾರ್ಖಾನೆಯಲ್ಲಿ ನನ್ನ ಹೆಸರಿನ ಮುಂದೆ ವಿದ್ಯಾರ್ಹತೆ ಎಂಬಲ್ಲಿ ‘ಬಿ.ಕಾಂ. ಡಿಸ್‌ಕಂಟಿನ್ಯೂಡ್’ ಎಂದಿತ್ತು. ನಮ್ಮ ಸ್ಟೋರ್ಸಿನಲ್ಲಿ ಒಂದು ಕಪಾಟಿಗೂ ಅದೇ ಚೀಟಿ ಅಂಟಿಸಿದ್ದಾರೆ. ಯಾರೂ ಕೇಳದ, ಬಿಸಾಡಲೂ ಮನಸ್ಸು ಬಾರದ ಸಾಮಾನು ಅದರಲ್ಲಿರುತ್ತದೆ. ಅದರ ಎದುರು ಓಡಾಡುವಾಗಲೆಲ್ಲ ಆ ಚೀಟಿಯನ್ನೊಮ್ಮೆ ಓದದೆ ಮುಂದೆ ಹೋಗಲಾಗುತ್ತಿರಲಿಲ್ಲ. ಬಡ್ತಿಯ ಆಸೆಗಲ್ಲ, ಯಾರಿಗೋ ತೋರಿಸಬೇಕೆಂದೂ ಅಲ್ಲ. ಆ ಡಿಗ್ರಿ ನನಗೆ ಬೇಕಾಗಿತ್ತು, ಅಷ್ಟೇ.

ಹಾಗಾಗಿ ನಾಗಸಂದ್ರದ ಹತ್ತಿರ ಒಂದು ಸಂಜೆ ಕಾಲೇಜಿಗೆ ಸೇರಿಕೊಂಡೆ. ಮನೆಯಲ್ಲಿ ಒಂದು ಒಪ್ಪಂದವಾಯಿತು. ನಮ್ಮ ಅತ್ತೆ ಗಂಗಮ್ಮ ಆ ಕಡೆಯ ಹಳೇ ಊರಿನವರು. ಅವರ ರಾಗಿ ಹೊಲವಿದ್ದ ಕಡೆ ಈಗ ಕಾರ್ಖಾನೆಗಳಿವೆ, ಉಳಿದ ತುಂಡು ಜಾಗದಲ್ಲಿ ಬಾಡಿಗೆ ರೂಮುಗಳಿವೆ. ರೂಮುಗಳ ಯಜಮಾನಿಕೆ ಪೂರ್ತಿ ಅವರದೇ. ನೀರಿನ ಟ್ಯಾಂಕರ್ ಬರುವುದು, ಬಾಡಿಗೆಯವರು ಒಬ್ಬರ ಮೇಲೊಬ್ಬರು ದೂರು ತರುವುದು, ನೆಂಟರು ಬರುವುದು, ಮಟನ್ ಸಾರು ಕುದಿಯುವುದು ಎಲ್ಲ ಭಾನುವಾರವೇ. ಮೂರು ವರ್ಷ ಸಂಜೆಯ ಅಡುಗೆ ತಾನು ನೋಡಿಕೊಳ್ಳುತ್ತೇನೆ, ಆದರೆ ಭಾನುವಾರ ಮಾತ್ರ ನಾನು ಮನೆಯಲ್ಲಿರಬೇಕು ಎಂದರು. ಮೂರು ವರ್ಷಕ್ಕೆ ಒಂದು ದಿನ ಜಾಸ್ತಿ ಆಗುವ ಹಾಗಿಲ್ಲ ಎಂದೂ ಸೇರಿಸಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮನೆಯವರು ತಾಯಿ ಹೇಳಿದ ಮೇಲೆ ಮಾತಾಡುವ ಜನ ಅಲ್ಲ.

ಬಿ.ಕಾಂ. ಅಂದರೆ ಲೆಕ್ಕಪತ್ರ, ತೆರಿಗೆ, ಕಂಪನಿ ಕಾನೂನು ಎಂದುಕೊಂಡು ಹೋದವಳು ನಾನು. ಈಗಿನ ಪದವಿ ಮದುವೆಮನೆಯ ಎಲೆ ಇದ್ದ ಹಾಗೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಡಿಸಿದ ಮೇಲೇ ಅನ್ನ ಬರುವುದು. ಪರಿಸರ ಓದಬೇಕು, ಸಂವಿಧಾನ ಓದಬೇಕು, ಆರೋಗ್ಯ ಓದಬೇಕು, ಕಂಪ್ಯೂಟರ್ ಓದಬೇಕು, ತನ್ನದಲ್ಲದ ಬೇರೆ ವಿಭಾಗದ ಒಂದು ವಿಷಯವನ್ನು ತಾನೇ ಆರಿಸಿಕೊಂಡು ಓದಬೇಕು. ಈ ಆರಿಸಿಕೊಳ್ಳುವ ವಿಷಯ ಬಂದಾಗ ನಮ್ಮಲ್ಲಿ ಭಾರೀ ಚರ್ಚೆ ನಡೆಯಿತು. ಒಬ್ಬರಿಗೆ ಮನಶ್ಶಾಸ್ತ್ರ ಬೇಕು, ಒಬ್ಬರಿಗೆ ಪತ್ರಿಕೋದ್ಯಮ ಬೇಕು. ಕೊನೆಗೆ ಗೊತ್ತಾಗಿದ್ದೇನೆಂದರೆ, ಸಂಜೆ ಹೊತ್ತು ಬಿಡುವಿದ್ದವರು ಇತಿಹಾಸದ ಮೇಷ್ಟ್ರು ಒಬ್ಬರೇ, ಅವರಿಗೆ ಪ್ರೀತಿ ಇದ್ದದ್ದು ಪ್ರಾಚೀನ ಭಾರತದ ನಾಣ್ಯಗಳ ಮೇಲೆ. ನಾವೆಲ್ಲರೂ ಸ್ವಇಚ್ಛೆಯಿಂದ ನಾಣ್ಯಗಳನ್ನೇ ಆರಿಸಿಕೊಂಡೆವು. ಚೆನ್ನಾಗಿಯೇ ಇತ್ತು ಅನ್ನಿ. ಹಗಲೆಲ್ಲ ಬಿಲ್ಲು, ಜಿ.ಎಸ್.ಟಿ. ಎಂದು ಒದ್ದಾಡಿ ಬಂದವರಿಗೆ, ಯಾವುದೋ ರಾಜನ ಬೆಳ್ಳಿಯ ಮೇಲಿನ ಆನೆಯ ಬಾಲ ಯಾವ ಕಡೆ ತಿರುಗಿದೆ ಎಂದು ನೋಡುತ್ತ ಕೂರುವುದರಲ್ಲಿ ಒಂದು ನೆಮ್ಮದಿಯಿತ್ತು.

ಪರಿಸರದ ತರಗತಿಯಲ್ಲಿ ಜಲಮಾಲಿನ್ಯಕ್ಕೆ ಉದಾಹರಣೆ ಕೊಡಿ ಎಂದು ಮೇಡಂ ಕೇಳಿದರೆ, ಹಿಂದಿನ ಬೆಂಚಿನಿಂದ ಎಲೆಕ್ಟ್ರೋಪ್ಲೇಟಿಂಗ್ ಮಾಡುವವನೊಬ್ಬ ಎದ್ದು ನಿಂತು ಅಡ್ರೆಸ್ ಸಮೇತ ಕೊಟ್ಟ. ಹೆಸರು ಮಾತ್ರ ಬರೆದುಕೊಳ್ಳಬೇಡಿ ಮೇಡಂ ಎಂದು ಕೈ ಮುಗಿದ. ಆರೋಗ್ಯದ ತರಗತಿ ಇದ್ದದ್ದು ದಿನದ ಕೊನೆಯ ಪಿರಿಯಡ್ಡು. ರಾತ್ರಿ ಊಟವನ್ನು ಬೇಗ ಮುಗಿಸಬೇಕು, ಎಂಟು ಗಂಟೆ ನಿದ್ದೆ ಮಾಡಬೇಕು ಎಂದು ಮೇಷ್ಟ್ರು ಹೇಳುತ್ತಿದ್ದರೆ, ಕೆಳಗಿನ ಗಾಡಿಯಿಂದ ಬೋಂಡಾ ಕರಿಯುವ ವಾಸನೆ ಕಿಟಕಿಯಿಂದ ಬಂದು ಎಲ್ಲರ ಹೊಟ್ಟೆಯೂ ಗುರ್ ಎನ್ನುತ್ತಿತ್ತು. ಅರ್ಧ ಜನ ಮೊದಲ ಪಾಳಿಗೆ ಬೆಳಗಿನ ಜಾವವೇ ಎದ್ದವರು. ಅವರು ಮೇಷ್ಟ್ರ ಮಾತನ್ನು ತಕ್ಷಣವೇ ಪಾಲಿಸಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಇವೆಲ್ಲವನ್ನೂ ನಾವು ಪಾಸು ಮಾಡಿದೆವು. ಉಳಿದದ್ದು ಒಂದೇ ಒಂದು, ಕ್ರೀಡೆ.

ಕ್ರೀಡೆಗೂ ಕ್ರೆಡಿಟ್ ಇದೆ ಎಂಬುದು ನಮಗೆ ಗೊತ್ತಿತ್ತು. ಆದರೆ ಆಟ ಕಲಿಸುವವರ ಹುದ್ದೆ ಖಾಲಿ ಬಿದ್ದಿತ್ತು. ಆಮೇಲೆ ನೋಡೋಣ, ಆಮೇಲೆ ನೋಡೋಣ ಎಂದು ಆಫೀಸಿನವರು ಮುಂದೆ ತಳ್ಳುತ್ತ ಬಂದಿದ್ದರು. ಕೊನೆಗೆ ಯಾರಾದರೂ ಒಂದು ಸೈನ್ ಹಾಕುತ್ತಾರೆ ಬಿಡಿ ಎಂದು ನಾವೂ ಹಾಯಾಗಿದ್ದೆವು. ಕೊನೆಯ ಸೆಮಿಸ್ಟರಿನ ಹೊತ್ತಿಗೆ ಹೊಸ ದೈಹಿಕ ಶಿಕ್ಷಣ ನಿರ್ದೇಶಕರು ಬಂದರು. ಅಷ್ಟುದ್ದ ಯಾರು ಕರೆಯುತ್ತಾರೆ, ಪಿ.ಡಿ. ಸಾರ್. ನಿವೃತ್ತಿಗೆ ಹತ್ತಿರವಾದ, ಕಡ್ಡಿಯಂಥ ಮನುಷ್ಯ, ಕೊರಳಲ್ಲಿ ಸದಾ ಒಂದು ಸೀಟಿ. ಅವರು ತರಗತಿಗೆ ಬಂದು, ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬನ್ನಿ, ಆಟ ಕಲಿತು ಆಡಿ ತೋರಿಸಿದವರಿಗೆ ಕ್ರೆಡಿಟ್ಟು, ಇಲ್ಲದವರಿಗೆ ಇಲ್ಲ ಎಂದರು. ಇದು ಪಾಸಾಗದಿದ್ದರೆ ಉಳಿದ ಎಲ್ಲ ಪಾಸಾಗಿದ್ದರೂ ರಿಸಲ್ಟ್ ತಡೆಹಿಡಿಯುತ್ತಾರೆ, ಮತ್ತೆ ಮುಂದಿನ ವರ್ಷವೇ.

ಮುಂದಿನ ವರ್ಷ ಎಂಬುದು ನಮ್ಮ ಮನೆಯ ಒಪ್ಪಂದದಲ್ಲಿ ಇರಲೇ ಇಲ್ಲ. ಭಾನುವಾರವಂತೂ ಮೊದಲೇ ಅತ್ತೆಯದು.

ನಾವೊಂದಿಷ್ಟು ಜನ ಪ್ರಿನ್ಸಿಪಾಲರ ಹತ್ತಿರ ಹೋದೆವು. ನಾನು ಎಲ್ಲರಿಗಿಂತ ಹಿರಿಯಳೆಂದು ನನ್ನನ್ನೇ ಮುಂದೆ ತಳ್ಳಿದರು. ದಿನವಿಡೀ ನಿಂತು ದುಡಿಯುವವರು ಸಾರ್ ನಾವು, ನಮಗೆ ವ್ಯಾಯಾಮ ಬೇರೆ ಬೇಕಾ, ಲೆಕ್ಕ ಬರೆಯುವವರಿಗೆ ಆಟ ಯಾತಕ್ಕೆ ಎಂದು ನನಗೆ ತಿಳಿದ ಮಟ್ಟಿಗೆ ವಾದಿಸಿದೆ. ಅವರು ಬುದ್ಧಿವಂತರು, ಪಿ.ಡಿ. ಒಪ್ಪಿದರೆ ನನ್ನದೇನೂ ಅಭ್ಯಂತರವಿಲ್ಲ ಎಂದರು. ಪಿ.ಡಿ. ಸಾರ್ ನನ್ನ ವಾದವನ್ನೆಲ್ಲ ತಾಳ್ಮೆಯಿಂದ ಕೇಳಿದರು.

“ಎಕನಾಮಿಕ್ಸ್ ಮೇಡಂ ಖಾಲಿ ಪೇಪರ್‌ಗೆ ಮಾರ್ಕ್ಸ್ ಹಾಕ್ತಾರೇನಮ್ಮ?” ಎಂದರು.

“ಇಲ್ಲ ಸಾರ್.”

“ನಾನೂ ಹಾಕಲ್ಲ.”

ಅಲ್ಲಿಗೆ ಮಾತು ಮುಗಿಯಿತು. ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಅವರನ್ನು ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಅತ್ತೆಗೆ ಹೇಳುವುದು ಹೇಗೆ? ಟೆನಿಕಾಯ್ಟ್ ಎಂಬ ಆಟ, ರಬ್ಬರಿನ ರಿಂಗನ್ನು ಬಲೆಯ ಮೇಲಿಂದ ಆಚೆಗೆ ಎಸೆಯಬೇಕು, ಆಚೆಯವರು ಹಿಡಿದು ವಾಪಸ್ ಎಸೆಯಬೇಕು ಎಂದು ಕೈಯಲ್ಲಿ ಆಕಾರ ತೋರಿಸಿ ವಿವರಿಸಿದೆ. ಅವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

“ಅಲ್ಲ ಕಣಮ್ಮ, ಸಿಂಬೆ ಎಸೆದ್ರೆ ಡಿಗ್ರಿ ಕೊಟ್ಟಾರಾ?” ಎಂದರು. “ಅಂಗಾದ್ರೆ ನಂಗೆ ಯಾವತ್ತೋ ಕೊಡ್ಬೇಕಾಗಿತ್ತು. ಕೆರೆಯಿಂದ ನೀರು ಒತ್ತೂ ಒತ್ತೂ ನೆತ್ತಿ ಮ್ಯಾಲೆ ಕೂದ್ಲೇ ಉಳೀಲಿಲ್ಲ.”

ತಲೆಯ ಮೇಲೆ ಕೊಡ ಹೊರುವಾಗ ಕೆಳಗೆ ಬಟ್ಟೆ ಸುತ್ತಿ ಇಡುತ್ತಾರಲ್ಲ, ಆ ಸಿಂಬೆ. ನೋಡಿದರೆ ಆಕಾರ ಅದೇ. ಅವತ್ತಿನಿಂದ ನಮ್ಮನೆಯಲ್ಲಿ ಆ ಆಟಕ್ಕೆ ಸಿಂಬೆ ಎಂದೇ ಹೆಸರಾಯಿತು. ಮಗಳು ಕೂಡ ಸಿಂಬೆ ಕ್ಲಾಸ್ ಎಷ್ಟೊತ್ತಿಗಮ್ಮ ಎಂದು ಕೇಳಿ ನಗುತ್ತಿದ್ದಳು. ಅತ್ತೆ ಬೇಡ ಎನ್ನಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಹೊರಡುವಾಗ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದರು. ನಾನು ಬರುವಷ್ಟರಲ್ಲಿ ಟ್ಯಾಂಕರಿನವನ ಹತ್ತಿರ ಜಗಳ, ಬಾಡಿಗೆಯವರ ಪಂಚಾಯ್ತಿ, ಸಾರಿಗೆ ಮಸಾಲೆ ಎಲ್ಲ ತಾವೊಬ್ಬರೇ ಮುಗಿಸಿ, ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದರು. ಆ ಸೊಂಟ ಹಿಡಿದುಕೊಳ್ಳುವ ಭಂಗಿ ನೂರು ಬೈಗುಳಕ್ಕೆ ಸಮ.

ಮೈದಾನ ಎಂದೆನಲ್ಲ, ಅದು ಮೈದಾನವಲ್ಲ; ವಾರವಿಡೀ ಲಾರಿ ನಿಲ್ಲುವ ಬಯಲು. ಭಾನುವಾರ ಲೋಡು ಕಡಿಮೆಯಾದ್ದರಿಂದ ಡ್ರೈವರುಗಳು ಬಟ್ಟೆ ಒಗೆದು ಕನ್ನಡಿಗೆ ನೇತುಹಾಕಿ ಮಲಗಿರುತ್ತಿದ್ದರು. ಪಿ.ಡಿ. ಸಾರ್ ಅವರನ್ನು ಕಾಡಿ ಬೇಡಿ ಮಧ್ಯೆ ಒಂದಿಷ್ಟು ಜಾಗ ಬಿಡಿಸಿಕೊಂಡು, ಸುಣ್ಣದಲ್ಲಿ ಗೆರೆ ಎಳೆದಿದ್ದರು. ಬಲೆಯ ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ತುದಿ ಒಂದು ಲಾರಿಯ ಕೊಂಡಿಗೆ. ಒಂದು ಭಾನುವಾರ ಆಟ ಅರ್ಧವಾಗಿದೆ, ಡ್ರೈವರಿಗೆ ಫೋನು ಬಂತು, ಅವನು ಹಿಂದೆ ಮುಂದೆ ನೋಡದೆ ಗಾಡಿ ತೆಗೆದ. ಬಲೆ ಅವನ ಹಿಂದೆ, ಬಲೆಯ ಹಿಂದೆ ಪಿ.ಡಿ. ಸಾರ್, ಸಾರ್ ಹಿಂದೆ ನಾವೆಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಇಡೀ ಸೆಮಿಸ್ಟರಿನಲ್ಲಿ ನಿಜವಾದ ವ್ಯಾಯಾಮ ಆದದ್ದು ಅವತ್ತೇ.

ಮೊದಲ ದಿನ ನಾವು ಬಂದು ನಿಂತ ಅವತಾರ ನೋಡಿ ಸಾರ್ ಸೀಟಿ ಊದುವುದನ್ನೇ ಮರೆತರು. ಶೂ ಹಾಕಿಕೊಂಡು ಬನ್ನಿ ಎಂದಿದ್ದರು. ನಮ್ಮೆಲ್ಲರ ಹತ್ತಿರ ಇದ್ದದ್ದು ಕಾರ್ಖಾನೆಯಲ್ಲಿ ಕೊಟ್ಟ ಸೇಫ್ಟಿ ಶೂ. ಮುಂದೆ ಉಕ್ಕಿನ ಟೋಪಿ ಇರುವಂಥದ್ದು, ಒಂದೊಂದೂ ಒಂದು ಸೇರು ತೂಕ. ಅದನ್ನು ಹಾಕಿಕೊಂಡು ನಾವು ಓಡಿದರೆ ಭೂಮಿ ದಬದಬ ಎನ್ನುತ್ತಿತ್ತು. ಆಟ ಆಡೋಕೆ ಬಂದಿದ್ದೀರೋ ಲೇತ್ ಎತ್ತೋಕೆ ಬಂದಿದ್ದೀರೋ ಎಂದು ಸಾರ್ ಎಲ್ಲವನ್ನೂ ಬಿಚ್ಚಿಸಿ ಬರಿಗಾಲಲ್ಲಿ ನಿಲ್ಲಿಸಿದರು. ಬೆಳಗಿನ ಮಣ್ಣು ತಣ್ಣಗಿತ್ತು.

ಆ ತಣ್ಣನೆಯ ಮಣ್ಣು ಅಂಗಾಲಿಗೆ ತಾಗಿದಾಗ ನನಗೆ ಏಳನೇ ಕ್ಲಾಸು ನೆನಪಾಯಿತು. ನಮ್ಮ ಶಾಲೆಯಲ್ಲೂ ಇದೇ ಆಟವಿತ್ತು. ಹಗ್ಗವೇ ಬಲೆ, ಸೈಕಲ್ ಟ್ಯೂಬಿನೊಳಗೆ ಚಿಂದಿ ತುರುಕಿ ಹೊಲಿದದ್ದೇ ರಿಂಗು. ನಾನು ಚೆನ್ನಾಗಿಯೇ ಆಡುತ್ತಿದ್ದೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತರೆ ಎದುರಿನವರು ಯಾರೇ ಆಗಲಿ ಕೇರ್ ಮಾಡುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ದೊಡ್ಡವಳಾದೆ. ಆರತಿ ಮಾಡಿ, ಎಳ್ಳುಬೆಲ್ಲದ ಚಿಗಳಿ ತಿನ್ನಿಸಿ, ಹೊಸ ಲಂಗ ದಾವಣಿ ಕೊಟ್ಟು, ಇನ್ನು ಮೇಲೆ ಗಂಡುಬೀರಿಯ ಹಾಗೆ ಎಗರಾಡಬಾರದು ಎಂದರು ಅಮ್ಮ. ಬೇಸರದಿಂದಲ್ಲ, ತುಂಬ ಅಕ್ಕರೆಯಿಂದಲೇ ಹೇಳಿದರು. ಎಂಟನೇ ಕ್ಲಾಸಿನಲ್ಲಿ ನಾನು ಕಟ್ಟೆಯ ಮೇಲೆ ಕೂತು ಬೇರೆಯವರ ಪಾಯಿಂಟು ಕೂಗುತ್ತಿದ್ದೆ. ಯಾರೂ ನನ್ನಿಂದ ಏನೂ ಕಿತ್ತುಕೊಂಡ ಹಾಗೆ ಅನ್ನಿಸಲಿಲ್ಲ ಆಗ. ಎಲ್ಲ ಹುಡುಗಿಯರೂ ಒಬ್ಬೊಬ್ಬರಾಗಿ ಕಟ್ಟೆಗೆ ಬಂದು ಕೂರುತ್ತಿದ್ದರು, ನಾನೂ ಬಂದೆ.

ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ. ರಿಂಗಿನ ಕಥೆ ಹೇಳಬೇಕು.

ಕಾಲೇಜಿನಲ್ಲಿ ಇದ್ದದ್ದು ಒಂದೇ ರಿಂಗು, ಅದೂ ಬಿಸಿಲಿಗೆ ಒಣಗಿ ಬಿರುಕು ಬಿಟ್ಟದ್ದು. ಮೊದಲ ಭಾನುವಾರವೇ ಎರಡು ತುಂಡಾಯಿತು. ಹೊಸದಕ್ಕೆ ಆಫೀಸಿನಲ್ಲಿ ಕೇಳಿದರೆ ಬರುತ್ತೆ ಬರುತ್ತೆ ಎನ್ನುತ್ತಿದ್ದರು. ಆಗ ಮುಂದೆ ಬಂದವನು ನಮ್ಮ ಕ್ಲಾಸಿನ ಮಲ್ಲಪ್ಪ. ಬಾಗಲಕೋಟೆ ಕಡೆಯವನು, ರಬ್ಬರ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ಪ್ರೆಸ್ ನಡೆಸುತ್ತಿದ್ದ.

“ಅಕ್ಕಾರ, ಇಷ್ಟಕ್ಕ ಯಾಕ್ ಚಿಂತಿ ಮಾಡ್ತೀರಿ? ಮಾಲಕರಿಗೆ ಒಂದ್ ಮಾತ್ ಕೇಳ್ತೀನಿ, ನಮ್ಮ ಪ್ರೆಸ್ಸಿನ್ಯಾಗ ಹಾಕೂಣು” ಎಂದ.

ನಾವು ಪೀಣ್ಯದ ಜನ. ಒಂದು ವಸ್ತು ತಯಾರಾಗುತ್ತದೆ ಎಂದರೆ ಸುಮ್ಮನಿರುವುದು ನಮ್ಮಿಂದಾಗುವುದಿಲ್ಲ. ಲೇತ್ ನಡೆಸುವವನೊಬ್ಬ ಅಚ್ಚು ತಿರುವಿಕೊಟ್ಟ. ಸ್ಪ್ರಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ಸಹಪಾಠಿ ಶಬಾನಾ ಡ್ರಾಯಿಂಗ್ ಬರೆದಳು. ಆಮೇಲೆ ತಯಾರಾದ ರಿಂಗನ್ನು ವರ್ನಿಯರ್ ಇಟ್ಟು ಸುತ್ತಲೂ ಅಳೆದು, ಒಂದು ಕಡೆ ಕೂದಲೆಳೆಯಷ್ಟು ಜಾಸ್ತಿಯಿದೆ ಎಂದು ವಾಪಸ್ ಕಳಿಸಿದಳು. ಮಲ್ಲಪ್ಪ ಬೇಜಾರಿಲ್ಲದೆ ಮತ್ತೆ ಮಾಡಿಕೊಟ್ಟ. ನಾನು ಸ್ಟೋರ್ಸಿನವಳಾದ್ದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಟಾಲ್ಕಂ ಪೌಡರ್ ಉದುರಿಸಿ, ಚೀಟಿ ಅಂಟಿಸಿದೆ. ಕಪ್ಪಗೆ ಮಿರಿಮಿರಿ ಮಿಂಚುವ ರಿಂಗು. ಅಷ್ಟು ಚಂದದ ರಿಂಗನ್ನು ಯಾವ ರಾಷ್ಟ್ರೀಯ ಪಂದ್ಯದಲ್ಲೂ ಯಾರೂ ಕಂಡಿರಲಿಕ್ಕಿಲ್ಲ.

ಭಾನುವಾರ ಎಲ್ಲರೂ ಸುತ್ತ ನಿಂತೆವು. ಪಿ.ಡಿ. ಸಾರ್ ಬಲೆಯ ಆಚೆ ನಿಂತು, ಎಸೀರಿ ನೋಡೋಣ ಎಂದರು. ಮಲ್ಲಪ್ಪ ತನ್ನ ಕೈಯಾರೆ ಎಸೆದ. ಸಾರ್ ಒಂದೇ ಕೈಯಲ್ಲಿ ಹಿಡಿದರು. ಹಿಡಿದವರು ಹಾಗೆಯೇ ಕೆಳಗೆ ಕುಕ್ಕರುಗಾಲಲ್ಲಿ ಕೂತರು. ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಬೇವಿನ ಮರ ನೋಡಿದರು. ಆಮೇಲೆ ನಿಧಾನಕ್ಕೆ, ಯಾವ ರಬ್ಬರಪ್ಪ ಇದು ಎಂದು ಕೇಳಿದರು. ಆಯಿಲ್ ಸೀಲಿಂದು ಸಾರ್, ಕಾಯಮ್ ಬಾಳಕಿ ಬರ್ತೈತ್ರಿ ಎಂದ ಮಲ್ಲಪ್ಪ ಹೆಮ್ಮೆಯಿಂದ.

ಪಂಪಿನೊಳಗೆ ಕೂತು ಎಣ್ಣೆ, ಶಾಖ, ಒತ್ತಡ ಎಲ್ಲ ತಡೆಯುವ ರಬ್ಬರು ಅದು. ನಾವು ಅಷ್ಟು ಜನ ಸೇರಿ ಅಳತೆ ನೋಡಿದ್ದೆವು, ಹೊಳಪು ನೋಡಿದ್ದೆವು, ಬಾಳಿಕೆ ನೋಡಿದ್ದೆವು. ಅದನ್ನು ಒಬ್ಬ ಮನುಷ್ಯ ಕೈಯಲ್ಲಿ ಹಿಡಿಯಬೇಕು ಎಂಬುದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ. ಶಬಾನಾ ಮೊದಲು ನಕ್ಕಳು, ಆಮೇಲೆ ಮಲ್ಲಪ್ಪ, ಕೊನೆಗೆ ಬೆರಳು ಮಡಿಸಿ ಬಿಡಿಸಿ ನೋಡುತ್ತಿದ್ದ ಸಾರ್ ಕೂಡ. ಮುಂದಿನ ವಾರ ಬಂದದ್ದು ವಿಪರೀತ ಮೆತ್ತಗೆ. ಗಾಳಿಗೆ ತೇಲಿಕೊಂಡು ಹೋಗಿ ಒಂದು ಲಾರಿಯ ಟಾರ್ಪಾಲಿನ ಮೇಲೆ ಕೂತು, ತಮಿಳುನಾಡಿಗೆ ಹೊರಟುಹೋಯಿತು. ಅದರ ಮುಂದಿನದು ಸರಿಯಾಯಿತು.

ರಿಂಗು ಸರಿಯಾದರೇನು, ನಾನು ಸರಿಯಾಗಬೇಡವೇ? ಈ ಆಟದಲ್ಲಿ ಎರಡು ಕೈಯಲ್ಲಿ ಹಿಡಿದರೆ ತಪ್ಪು, ಹಿಡಿದು ನಿಂತರೂ ತಪ್ಪು. ಜನ್ಮವಿಡೀ ಯಾರು ಏನು ಕೊಟ್ಟರೂ ಎರಡೂ ಕೈ ಒಡ್ಡಿ ತೆಗೆದುಕೊಂಡವಳು ನಾನು. ಮೇಲಾಗಿ ಸ್ಟೋರ್ಸಿನವಳು, ವಸ್ತು ಕೈಗೆ ಬಂದ ತಕ್ಷಣ ತಿರುಗಿಸಿ ಮುರುಗಿಸಿ ನೋಡದೆ ಮುಂದಕ್ಕೆ ಕಳಿಸಿದರೆ ಕೆಲಸವೇ ಹೋಗುತ್ತದೆ. ನಾನು ರಿಂಗು ಹಿಡಿದು ಸುತ್ತಲೂ ನೋಡುತ್ತ ನಿಂತರೆ, ಇನ್‌ಸ್ಪೆಕ್ಷನ್ ಮಾಡಬೇಡಮ್ಮ, ಎಸಿ ಎಂದು ಸಾರ್ ಕೂಗುತ್ತಿದ್ದರು. ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಹಿಡಿದು ಅಭ್ಯಾಸ ಶುರುಮಾಡಿದೆ. ಗ್ಯಾಸ್ಕೆಟ್ ಹಿಗ್ಗಿ ಸೀಟಿ ಕೂಗದೆ ಬೇಳೆ ಬೇಯದೆ ಅತ್ತೆಯಿಂದ ಬೈಸಿಕೊಂಡದ್ದೂ ಆಯಿತು.

ಆದರೆ ಒಂದು ದಿನ, ಹೇಗೆಂದು ನನಗೂ ಗೊತ್ತಿಲ್ಲ, ಬಂದ ರಿಂಗನ್ನು ಎಡಗೈಯಲ್ಲಿ ಹಿಡಿದು ಅದೇ ಓಟದಲ್ಲಿ ಮಣಿಕಟ್ಟು ತಿರುವಿ ಬಿಟ್ಟೆ. ಅದು ಅಲುಗಾಡದೆ ಬಲೆಯ ಮೇಲೆ ತೇಲಿ ಆಚೆಯ ಮೂಲೆಯಲ್ಲಿ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಸಾರ್ ಬರೀ ಹೂಂ ಎಂದರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ನಲವತ್ತರ ಹತ್ತಿರದ ಹೆಂಗಸು ಲಾರಿಗಳ ಮಧ್ಯೆ ನಿಂತು ಅಳುವುದೇ ಎಂದು ದುಪಟ್ಟಾದಿಂದ ಬೆವರು ಒರೆಸಿಕೊಂಡ ಹಾಗೆ ಒರೆಸಿಕೊಂಡೆ. ಸಂತೋಷ ಎಂದರೆ ಇಂಥದ್ದು ಎಂಬುದೇ ನನಗೆ ಮರೆತುಹೋಗಿತ್ತು. ಅಲ್ಲಿಂದ ಮುಂದೆ ಭಾನುವಾರಕ್ಕೆ ಶುಕ್ರವಾರದಿಂದಲೇ ಕಾಯತೊಡಗಿದೆ. ಇದನ್ನು ಮನೆಯಲ್ಲಿ ಹೇಳುವ ಧೈರ್ಯ ಮಾಡಲಿಲ್ಲ. ಅಯ್ಯೋ, ಹಾಳು ಕಾಲೇಜಿನವರು ಬಿಡಲ್ಲ ನೋಡಿ ಎಂದು ಮುಖ ಸಪ್ಪಗೆ ಮಾಡಿಕೊಂಡೇ ಹೊರಡುತ್ತಿದ್ದೆ.

ಪರೀಕ್ಷೆಯ ಭಾನುವಾರ ಬಂತು. ಒಬ್ಬೊಬ್ಬರೂ ಒಂದೊಂದು ಸೆಟ್ ಆಡಿ ತೋರಿಸಬೇಕು. ಹಿಂದಿನ ದಿನವೇ ಅತ್ತೆ, ನಾನೂ ಬತ್ತೀನಿ, ಅದೇನು ಪರೀಕ್ಸೆ ನೋಡೇಬುಡ್ತೀನಿ ಎಂದುಬಿಟ್ಟರು. ಈ ಸಿಂಬೆ ಕ್ಲಾಸು ನಿಜವೋ ಸುಳ್ಳೋ ಎಂಬ ಅನುಮಾನ ಪಾಪ ಎಷ್ಟು ದಿನದಿಂದ ಇತ್ತೋ. ಟ್ಯಾಂಕರಿನ ಉಸ್ತುವಾರಿ ಮಗನಿಗೆ ಒಪ್ಪಿಸಿ, ಒಳ್ಳೆಯ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ ಹೊರಟರು. ಬಯಲಿನಲ್ಲಿ ಒಂದು ಲಾರಿಯ ಟೈರಿನ ನೆರಳಿನಲ್ಲಿ ಕೂತು, ಇದೇನಾ ಕಾಲೇಜು ಎಂದು ಕೇಳಿದರು. ಇಷ್ಟು ದಿನ ಬಿಟ್ಟುಕೊಟ್ಟ ಭಾನುವಾರಗಳೆಲ್ಲ ಇದಕ್ಕೋಸ್ಕರವೇ ಎಂದು ಅವರಿಗೆ ಅನ್ನಿಸಿದರೆ ನಾನು ಏನು ಹೇಳಲಿ? ಸೋತು, ಸಾರ್ ಫೇಲು ಮಾಡಿದರೆ ಇನ್ನೊಂದು ವರ್ಷವನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ?

ನನ್ನ ಎದುರು ಶಬಾನಾ. ಅವಳು ನನಗಿಂತ ತುಂಬ ಚಿಕ್ಕವಳು, ಚುರುಕು ಬೇರೆ. ಮೊದಮೊದಲು ರಿಂಗು ಹಿಡಿಯಲಾಗದೆ ಒಂದರ ಮೇಲೊಂದು ಪಾಯಿಂಟು ಬಿಟ್ಟೆ. ಅತ್ತೆಯ ಕಡೆ ನೋಡಲೇ ಇಲ್ಲ. ಆಮೇಲೆ ಮೈ ಬಿಸಿಯಾಯಿತು, ರಿಂಗು ಕೈಗೆ ಬರತೊಡಗಿತು. ದುಪಟ್ಟಾ ಸೊಂಟಕ್ಕೆ ಬಿಗಿದು ಕಟ್ಟಿದೆ. ಒಂದು ಪಾಯಿಂಟು ಅವಳಿಗೆ, ಎರಡು ನನಗೆ. ಸೇರಿಸಿ ಕೂಡಿಸಿ ಇಬ್ಬರೂ ಸಮಕ್ಕೆ ಬಂದೆವು. ಮಲಗಿದ್ದ ಡ್ರೈವರುಗಳು ಎದ್ದು ಕೂತರು. ಮಲ್ಲಪ್ಪ ಎರಡೂ ಕಡೆಗೆ ಹುರಿದುಂಬಿಸುತ್ತಿದ್ದ. ಸೆಟ್ ಇನ್ನೇನು ಮುಗಿಯಬೇಕು ಎನ್ನುವಾಗ ಪಿ.ಡಿ. ಸಾರ್ ಫೋನು ಬಡಿದುಕೊಂಡಿತು. ಪಟ್ಟಿ ಮಧ್ಯಾಹ್ನದೊಳಗೆ ಕಳಿಸಲೇಬೇಕಂತೆ, ಆಫೀಸಿನವರು ಕಾಯುತ್ತಿದ್ದಾರಂತೆ. ಅವರು ಸೀಟಿ ಊದಿ ಆಟ ನಿಲ್ಲಿಸಿದರು. ಸಾಕು ಬನ್ನಿ, ನಿಮ್ಮಿಬ್ಬರ ಆಟ ನೋಡಿದ್ದಾಯಿತು, ಇಬ್ಬರಿಗೂ ಪಾಸ್, ಸೈನ್ ಹಾಕಿ ಕೊಟ್ಟು ನಾನು ಹೊರಡುತ್ತೇನೆ ಎಂದು ಜೇಬಿನಿಂದ ಪೆನ್ನು ತೆಗೆದರು.

ಪಾಸ್. ನಾನು ಅಷ್ಟು ವರ್ಷದಿಂದ ಕಾದಿದ್ದ ಮಾತು. ಆದರೆ ಏನು ಹೇಳಲಿ, ರಿಂಗು ನನ್ನ ಕೈಯಲ್ಲಿತ್ತು, ಕೆಳಗಿಡಲು ಮನಸ್ಸೇ ಬರುತ್ತಿಲ್ಲ. ಶಬಾನಾ ಕೂಡ ಜಾಗ ಬಿಟ್ಟು ಕದಲಲಿಲ್ಲ. ಯಾರು ಸಾರ್‌ಗೆ ಹೇಳುವುದು ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಲಾರಿಯ ಕಡೆಯಿಂದ ದನಿ ಬಂತು. ಅತ್ತೆ ಎದ್ದು ನಿಂತಿದ್ದರು, ಸೊಂಟದ ಮೇಲೆ ಕೈಯಿಲ್ಲ.

“ಇರಪ್ಪ ಮೇಷ್ಟ್ರೇ, ಸೈನು ಎಲ್ಗೂ ಓಗಕಿಲ್ಲ. ಆಟ ಮುಗೀಲಿ. ನಮ್ಮುಡ್ಗಿ ಗೆಲ್ಲೋ ಅಂಗವ್ಳೆ.”

ಪಿ.ಡಿ. ಸಾರ್ ಅತ್ತೆಯನ್ನು ನೋಡಿದರು, ಗಡಿಯಾರ ನೋಡಿದರು, ಪೆನ್ನನ್ನು ಜೇಬಿಗೆ ಹಾಕಿಕೊಂಡು ಸೀಟಿ ಊದಿದರು.

ನಾನು ಸೋತೆ. ಶಬಾನಾ ಬಲೆಯಂಚಿಗೆ ಬೀಳುವ ಹಾಗೆ ಬಿಟ್ಟ ರಿಂಗಿಗೆ ಓಡಿಹೋಗಿ ಕೈ ಚಾಚಿದೆ, ಬೆರಳಿಗೆ ತಾಗಿ ಕೆಳಗೆ ಬಿತ್ತು. ಸಾರ್ ಸೈನ್ ಹಾಕಿದರು, ಎಲ್ಲರೂ ಕೈ ಕುಲುಕಿದರು, ಮಲ್ಲಪ್ಪ ಎಲ್ಲರಿಗೂ ಚಹಾ ಕುಡಿಸಿದ. ಬಿಸಿಲು ಏರಿತ್ತು. ಅತ್ತೆ, ನಾನು ಮನೆಯ ಕಡೆ ನಡೆದೆವು. ಅವರು ಬಿರಬಿರನೆ ಮುಂದೆ ಹೋಗುತ್ತಿದ್ದರು. ನಾನು ಹಿಂದಿನಿಂದ ಮೆಲ್ಲಗೆ, ಡಿಗ್ರಿ ಆಯ್ತಲ್ಲ ಅತ್ತೆ ಎಂದೆ.

ಅವರು ರಸ್ತೆಯ ಮಧ್ಯದಲ್ಲೇ ನಿಂತು ತಿರುಗಿದರು.

“ಡಿಗ್ರಿ ಬುಡು, ಅದು ಎಲ್ರಿಗೂ ಕೊಟ್ರು. ಆ ಕಡೇ ಸಿಂಬೆ ಯಾಕ್ ಬುಟ್ಟೆ, ಅದನ್ನೇಳು.”